ಹೇಳಿಕೆಯಲ್ಲಿ ನಾನು ಬರೆಯದೆ ಬಿಟ್ಟ ಸಾಲು

ಸುದ್ದಿ ಹೊರಗೆ ಬಿಟ್ಟವರು ಮಕ್ತುಮಸಾಬರಲ್ಲ, ನಾನು.

ಹನ್ನೊಂದು ವರ್ಷ ಈ ಒಂದು ಮಾತನ್ನು ಗಂಟಲಲ್ಲಿ ಇಟ್ಟುಕೊಂಡೇ ಉಂಡಿದ್ದೇನೆ, ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಪೇಢೆ ಹಂಚಿದ್ದೇನೆ, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಫೋಟೊಗೆ ನಕ್ಕಿದ್ದೇನೆ. ನಿದ್ದೆ ಬರಲಿಲ್ಲ, ಅನ್ನ ಸೇರಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟೀತು. ಆದರೆ ಅದು ಸುಳ್ಳು. ನಿದ್ದೆ ಚೆನ್ನಾಗಿಯೇ ಬರುತ್ತಿತ್ತು — ಈಗ ನೆನೆದರೆ ಎಲ್ಲಕ್ಕಿಂತ ನಾಚಿಕೆಯಾಗುವುದು ಅದಕ್ಕೇ.

ನಾನು ಈರಪ್ಪ. ಊರು ಅಮ್ಮಿನಬಾವಿ. ಪೊಲೀಸ್ ಇಲಾಖೆಯಲ್ಲಿ ರೈಟರ್ ಆಗಿದ್ದೆ. ರೈಟರ್ ಅಂದರೆ ಸಾಕ್ಷಿದಾರರು ಹೇಳಿದ್ದನ್ನು ಬರೆದುಕೊಳ್ಳುವುದು, ಬರೆದದ್ದನ್ನು ಅವರಿಗೆ ಓದಿ ಹೇಳುವುದು, ಸಹಿ ಹಾಕಿಸಿಕೊಳ್ಳುವುದು. ನನ್ನ ಅಕ್ಷರ ದುಂಡಗೆ. ವರ್ಗವಾಗಿ ಹೋದ ಸಾಹೇಬರು ಕೂಡ ಫೋನು ಮಾಡಿ, ಹೇಳಿಕೆ ಈರಪ್ಪನ ಕಡೆಯಿಂದಲೇ ಬರೆಸಿರಿ ಅನ್ನುತ್ತಿದ್ದರು. ಅದರ ಸೊಕ್ಕು ನನಗೆ ಇತ್ತು. ಇಲ್ಲ ಅನ್ನಲಾರೆ.

ಮಕ್ತುಮಸಾಬರು ಅದೇ ಕಚೇರಿಯ ಪತ್ತೇದಾರಿ ತಂಡದಲ್ಲಿದ್ದರು. ನನಗಿಂತ ಮೂರು ವರ್ಷ ಹಿರಿಯರು, ಒಂದು ದರ್ಜೆ ಮೇಲಿನವರು. ಕಳುವಾದ ಬೈಕು ಯಾವ ಓಣಿಯಲ್ಲಿ ಬಿಚ್ಚಿಕೊಂಡು ಬಿದ್ದಿದೆ ಎಂದು ಚಹಾ ಕುಡಿಯುತ್ತಲೇ ಹೇಳುವ ಮನುಷ್ಯ. ಧ್ವನಿ ಏರಿಸಿದ್ದನ್ನು ನಾನು ಕಂಡಿಲ್ಲ. ಮಧ್ಯಾಹ್ನ ನನ್ನ ಡಬ್ಬಿಯ ಶೇಂಗಾ ಚಟ್ನಿ ಅವರಿಗೆ, ರಮಜಾನ್ ಹಬ್ಬದ ದಿನ ಅವರ ಮನೆಯ ಸುರಕುಂಬಾ ಪಾಯಸ ನಮ್ಮ ಮನೆಗೆ — ಅಷ್ಟು ಬಳಕೆ ಇತ್ತು.

ಧಾರವಾಡದ ಸಪ್ತಾಪುರದ ಒಂದು ಮನೆಯ ಮೇಲಿನ ಖೋಲಿಯಲ್ಲಿ ವಿದ್ಯಾರ್ಥಿಗಳೆಂದು ಹೇಳಿಕೊಂಡು ಇಬ್ಬರು ಬಾಡಿಗೆಗೆ ಇದ್ದರು. ಅವರ ಮೇಲೆ ಮೊದಲು ಕಣ್ಣಿಟ್ಟವರೇ ಮಕ್ತುಮಸಾಬರು. ಯಾರೋ ಅವರಿಗೆ ಗುಟ್ಟಾಗಿ ಸುಳಿವು ಕೊಟ್ಟಿದ್ದರು. ಯಾರೆಂದು ಅವರು ಯಾರಿಗೂ ಹೇಳಿರಲಿಲ್ಲ. ಅವರು ಕಳಿಸಿದ ವರದಿ ಮೇಲಕ್ಕೆ ಹೋಗಿ, ಆ ಇಬ್ಬರು ಸ್ಫೋಟದ ಸಂಚಿನಲ್ಲಿ ಬೇಕಾದವರೆಂದು ಗೊತ್ತಾಗಿ, ದಿಲ್ಲಿಯಿಂದ ಒಂದು ತಂಡ ಬಂತು. ಮರುದಿನ ಬೆಳಕು ಹರಿಯುವಾಗ ಖೋಲಿಗೆ ನುಗ್ಗುವುದೆಂದು ತೀರ್ಮಾನವಾಯಿತು. ಸಂಜೆ ನಾಲ್ಕೂವರೆಗೆ ಆ ವಿಳಾಸವಿದ್ದ ಆದೇಶದ ಕನ್ನಡ ಪ್ರತಿ ಬರೆಯಲು ನನ್ನನ್ನು ಕರೆದರು.

ಬರೆಯುತ್ತ ಬರೆಯುತ್ತ ಪೆನ್ನು ನಿಂತಿತು. ಅದೇ ಮನೆಯ ಕೆಳಗಿನ ಖೋಲಿಯಲ್ಲಿ ನನ್ನ ತಂಗಿಯ ಮಗಳು ಸುಮಂಗಲಾ ಇದ್ದಳು, ಎಂ.ಎ. ಓದುತ್ತಿದ್ದಳು. ಖೋಲಿ ಹುಡುಕಿ ಕೊಟ್ಟವಳು ನನ್ನ ತಂಗಿ. ನಾನು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ, ಆದರೆ ವಿಳಾಸ ಬಾಯಿಪಾಠವಿತ್ತು.

ಆಗಲೇ ಹೋಗಿ ಸಾಹೇಬರ ಮುಂದೆ ಹೇಳಿದ್ದರೆ — ಸರ್, ನನ್ನ ಸೋದರಸೊಸೆ ಅಲ್ಲಿದ್ದಾಳೆ ಎಂದು — ಅವರೇ ಏನಾದರೂ ದಾರಿ ಮಾಡುತ್ತಿದ್ದರು. ಹೇಳಲಿಲ್ಲ. ಗುಂಡು, ಬಾಂಬು, ಆ ಹುಡುಗಿ... ತಲೆ ಓಡಲಿಲ್ಲ. ಹಿಂದಿನ ಬಾಗಿಲಿಗೆ ಹೋಗಿ ಸುಮಾಳಿಗೆ ಫೋನು ಹಚ್ಚಿದೆ. ಈಗಿಂದೀಗ ಬಸ್ಸು ಹಿಡಿದು ಊರಿಗೆ ಹೋಗು, ಯಾಕೆ ಎಂದು ಕೇಳಬೇಡ, ಯಾರಿಗೂ ಏನೂ ಹೇಳಬೇಡ ಎಂದೆ.

"ಮಾಮಾ, ಇವತ್ತ ನೀರು ಬಿಡೋ ದಿನ ಐತ್ರಿ" ಅಂದಳು.

"ನೀರಿಗೆ ಬೆಂಕಿ ಹಚ್ಚು, ಮದಲ ಹೊಂಡು" ಅಂದೆ.

ಇಲ್ಲಿ ನಾನು ಮಾಡಿದ ತಪ್ಪು ನಮ್ಮ ಅವಳಿ ನಗರದವರಿಗಷ್ಟೇ ಪೂರ್ತಿ ತಿಳಿದೀತು. ಆಗ ನಳದಲ್ಲಿ ನೀರು ಬರುತ್ತಿದ್ದುದು ಎಂಟು ದಿನಕ್ಕೊಮ್ಮೆ. ನೀರು ಬಿಡುವ ದಿನ ಜನ ಮದುವೆಗೆ ಹೋಗುವುದಿಲ್ಲ, ರಜೆ ಹಾಕಿ ಮನೆಯಲ್ಲಿ ಕೂರುತ್ತಾರೆ. ಸಾವಿನ ಸುದ್ದಿ ಬಂದರೂ ಒಬ್ಬರು ಕೊಡ ಹಿಡಿದು ಉಳಿಯುತ್ತಾರೆ. ನಾನು ಇದ್ದದ್ದು ಪೊಲೀಸ್ ಕ್ವಾರ್ಟರ್ಸಿನಲ್ಲಿ. ಅಲ್ಲಿ ಬೋರ್‌ವೆಲ್ ಇತ್ತು. ನೀರಿನ ದಿನ ಅಂದರೆ ಏನು ಎಂಬುದೇ ನನಗೆ ಮರೆತುಹೋಗಿತ್ತು.

ಸುಮಾ ಹೇಳಿದ ಹಾಗೆ ಕೇಳುವ ಹುಡುಗಿ. ಚೀಲ ತುಂಬಿಕೊಂಡು ಹೊರಟಳು. ಆದರೆ ಎಂಟು ದಿನ ನೀರಿಲ್ಲದೆ ಹೇಗೆ? ಅಂಗಳದ ನಳದ ಹತ್ತಿರ ಮೇಲಿನ ಖೋಲಿಯ ಆ ಇಬ್ಬರೂ ಕೊಡ ಇಟ್ಟುಕೊಂಡು ಪಾಳಿ ಕಾಯುತ್ತಿದ್ದರು. ಅವರಿಗೆ ಹೇಳಿದಳು — ನಮ್ಮ ಮಾಮಾ ಫೋನ್ ಹಚ್ಚಿದ್ದರು, ಅರ್ಜೆಂಟ್ ಊರಿಗೆ ಹೋಗಬೇಕು, ನನ್ನದೊಂದು ಡ್ರಮ್ಮು ತುಂಬಿಸಿ ಇಡಿ. ಅವಳ ಮಾಮಾ ಪೊಲೀಸು ಎಂಬುದು ಆ ಓಣಿಗೆಲ್ಲ ಗೊತ್ತಿತ್ತು. ಹೆಣ್ಣುಹುಡುಗಿ ಒಬ್ಬಳೇ ಇರುವವಳು, ನಾಲ್ಕು ಜನರ ಕಿವಿಗೆ ಬಿದ್ದಿರಲಿ ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ.

ಪೊಲೀಸ್ ಮಾಮಾನ ಫೋನು ಬಂತು, ಹುಡುಗಿ ನೀರಿನ ದಿನ ಊರು ಬಿಟ್ಟಳು. ಅರ್ಥವಾಗಲು ಅವರಿಗೆ ಇನ್ನೇನು ಬೇಕಿತ್ತು?

ಬೆಳಿಗ್ಗೆ ನುಗ್ಗಿದಾಗ ಖೋಲಿ ಖಾಲಿ. ಕೆಳಗೆ ಸುಮಾಳ ಬಾಗಿಲ ಮುಂದೆ ಡ್ರಮ್ಮು ಮಾತ್ರ ಕಂಠಮಟ್ಟ ತುಂಬಿತ್ತು, ಮೇಲೆ ಮುಚ್ಚಳ ಮುಚ್ಚಿತ್ತು. ಓಡಿಹೋಗುವ ಅವಸರದಲ್ಲೂ ಒಪ್ಪಿಕೊಂಡ ನೀರು ತುಂಬಿಸಿಟ್ಟು ಹೋಗಿದ್ದರು ಮಹಾರಾಯರು. ಎಲ್ಲರೂ ಮೇಲಿನ ಖೋಲಿಯಲ್ಲಿ ಹಾಸಿಗೆ ಕೊಡವುತ್ತಿದ್ದಾಗ ಮಕ್ತುಮಸಾಬರು ಒಬ್ಬರೇ ಆ ಡ್ರಮ್ಮಿನ ಮುಂದೆ ಬಹಳ ಹೊತ್ತು ನಿಂತಿದ್ದರಂತೆ.

ಇಲ್ಲಿಯವರೆಗಿನದನ್ನು ಬೇಕಾದರೆ ದುಡುಕು ಅನ್ನಿ. ಮುಂದಿನದಕ್ಕೆ ಆ ಹೆಸರು ಒಪ್ಪುವುದಿಲ್ಲ.

ಅದೇ ದಿನ ಹನ್ನೊಂದು ಗಂಟೆಗೆ ಮನೆಯ ಒಡತಿಯ ಹೇಳಿಕೆ ಬರೆದುಕೊಳ್ಳಲು ನನ್ನನ್ನೇ ಕೂರಿಸಿದರು. ದಿಲ್ಲಿಯವರಿಗೆ ಕನ್ನಡ ಬಾರದು. ಆ ಅಜ್ಜಿ ಗಾಬರಿಯಲ್ಲಿ ಓದುವ ಚಾಳೀಸು ಮನೆಯಲ್ಲೇ ಮರೆತು ಬಂದಿದ್ದರು. ಹೇಳುತ್ತ ಹೇಳುತ್ತ ಆ ಮಾತಿಗೆ ಬಂದರು: ಕೆಳಗಿನ ಹುಡುಗಿಗೆ ಮಾಮಾನ ಫೋನು ಬಂತಂತೆ, ನೀರು ಬಿಡುವ ದಿನವೂ ನಿಲ್ಲದೆ ಊರಿಗೆ ಹೋದಳು. ನಾನು ಅದರ ಹಿಂದಿನ ಮಾತು ಬರೆದೆ. ಅದರ ಮುಂದಿನ ಮಾತು ಬರೆದೆ. ಅದೊಂದನ್ನು ಬರೆಯಲಿಲ್ಲ.

ಆಮೇಲೆ ಓದಿ ಹೇಳಬೇಕಲ್ಲ. ಓದಿದೆ. ಆ ಜಾಗಕ್ಕೆ ಬಂದಾಗ ಹಾಳೆಯಲ್ಲಿ ಇಲ್ಲದ ಆ ಸಾಲನ್ನೂ ಇದ್ದ ಹಾಗೆಯೇ ಓದಿದೆ, ಒಂದು ಉಸಿರೂ ತಪ್ಪದೆ. "ಬರೋಬ್ಬರಿ ಬರದೀಪಾ" ಎಂದು ಅಜ್ಜಿ ಸಹಿ ಹಾಕಿದರು. ಮೂವತ್ತು ವರ್ಷ ಜನ ನಂಬಿ ನನ್ನ ಕೈಗೆ ಕೊಟ್ಟಿದ್ದ ಕಸುಬನ್ನು ನಾನು ಬಳಸಿಕೊಂಡದ್ದು ಹೀಗೆ.

ಮಧ್ಯಾಹ್ನ ಮಕ್ತುಮಸಾಬರು ನನ್ನ ಟೇಬಲಿನ ಹತ್ತಿರ ಬಂದರು. ಮುಖ ಇಳಿದಿತ್ತು.

"ಈರಪ್ಪ, ಆ ಡ್ರಮ್ಮಿನ ಹುಡುಗಿ ನಿಮ್ಮೂರಾಕಿ ಅಂತಪಾ. ಗೊತ್ತೇನ ನಿನಗ?"

"ಗೊತ್ತಿಲ್ರಿ ಸಾಹೇಬ್ರ."

ಅಷ್ಟೇ. ಅವರು ತಲೆಯಾಡಿಸಿ ಹೋದರು. ನಾಳೆ ಅಮ್ಮಿನಬಾವಿಗೆ ಹೋಗಿ ವಿಚಾರಿಸುತ್ತೇನೆ ಎಂದಿದ್ದರು. ಆದರೆ ಸಂಜೆಯೊಳಗೆ ಅವರ ಕೈಯಲ್ಲಿ ಅಮಾನತಿನ ಆದೇಶ ಇತ್ತು. ಹಿಂದಿನ ದಿನ ಸಂಜೆ ಅವರು ಒಂದು ತಾಸು ಕಚೇರಿಯಲ್ಲಿ ಇರಲಿಲ್ಲ. ಅದೇ ಹೊತ್ತಿಗೆ ಅವರ ಮೊಬೈಲಿನಿಂದ ಸಪ್ತಾಪುರದ ಅದೇ ಓಣಿಯ ಯಾರಿಗೋ ಕರೆ ಹೋಗಿತ್ತು. ಯಾರಿಗೆ ಎಂದರೆ ಹೇಳಲಿಲ್ಲ. ಸುಳಿವು ಕೊಟ್ಟವನ ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಅಂದರಂತೆ. ಅಷ್ಟೂ ಸಾಲದೆ ಅವರ ಹೆಸರು ಒಂದು ಇತ್ತಲ್ಲ. ಆ ಹೆಸರು ಕೇಳಿದ ಮೇಲೆ ಉಳಿದದ್ದನ್ನು ಕೇಳುವ ಗರಜು ದಿಲ್ಲಿಯವರಿಗೆ ಬೀಳಲಿಲ್ಲ. ನಮ್ಮವರೂ ಬಹಳ ಜನ ತೆಪ್ಪಗಾದರು. ಹೇಳಿಕೆಯಲ್ಲಿ ಆ ಮಾತು ಇರಲಿಲ್ಲವಾದ್ದರಿಂದ ಸುಮಾಳನ್ನು ಕೇಳಲು ಯಾರೂ ಹೋಗಲಿಲ್ಲ.

ಮಕ್ತುಮಸಾಬರು ಒಬ್ಬ ಮನುಷ್ಯನನ್ನು ಉಳಿಸಲು ಬಾಯಿ ಮುಚ್ಚಿಕೊಂಡರು. ನಾನು ನನ್ನನ್ನು ಉಳಿಸಿಕೊಳ್ಳಲು.

ಎರಡು ತಿಂಗಳಿಗೆ ಆ ಇಬ್ಬರೂ ಬೇರೊಂದು ರಾಜ್ಯದಲ್ಲಿ ಸಿಕ್ಕರು. ದೇವರ ದಯೆ, ಎಲ್ಲೂ ಯಾರ ಜೀವಕ್ಕೂ ಏನೂ ಆಗಿರಲಿಲ್ಲ. ಪೊಲೀಸರ ಕಡೆಯಿಂದಲೇ ನಮಗೆ ತಿಳಿಯಿತು ಎಂದು ಅವರು ಹೇಳಿದರಂತೆ. ಅದು ಮಕ್ತುಮಸಾಬರ ತಲೆಗೇ ಬಂತು. ಎಂಟು ತಿಂಗಳ ಮೇಲೆ, ಸಾಕ್ಷ್ಯ ಸಾಲದು ಎಂದು ವಿಚಾರಣೆ ಮುಚ್ಚಿದರು. ತಪ್ಪಿಲ್ಲ ಎಂದು ಬರೆಯಲಿಲ್ಲ, ಸಾಕ್ಷ್ಯ ಸಾಲದು ಎಂದಷ್ಟೇ. ಪತ್ತೇದಾರಿ ತಂಡಕ್ಕೆ ಅವರನ್ನು ಮತ್ತೆ ಸೇರಿಸಲಿಲ್ಲ. ನಿವೃತ್ತಿಯಾಗುವ ತನಕ ಒಂದು ಉಗ್ರಾಣದ ಬಾಗಿಲು ಕಾದರು. ಅವರ ಮನೆ ಇರುವ ಬೈರಿದೇವರಕೊಪ್ಪದಲ್ಲಿ ಅರ್ಧ ಜನ ಅವರನ್ನು ದೇಶಕ್ಕೆ ದ್ರೋಹ ಮಾಡಿದವರು ಅಂದರು. ಇನ್ನರ್ಧ ಜನ ತಮ್ಮ ಓಣಿಯ ಹುಡುಗರ ಮೇಲೆ ಕಣ್ಣಿಟ್ಟು ಚಾಡಿ ಹೇಳುವವರು ಎಂದು ದೂರ ಸರಿದರು. ಇಷ್ಟೆಲ್ಲ ನನಗೆ ಗೊತ್ತಿತ್ತು. ಒಮ್ಮೆ ದುರ್ಗದಬೈಲಿನಲ್ಲಿ ಎದುರಾದಾಗ ಅವರೇ ನಿಂತು ನನ್ನ ಬಿ.ಪಿ. ಹೇಗಿದೆ ಎಂದು ವಿಚಾರಿಸಿದರು. ಛಲೋ ಐತ್ರಿ ಎಂದು ಹೇಳಿ ಬಂದೆ.

ಈಗ ಹೇಳಲು ಏನು ಕಾರಣ ಎಂದು ಕೇಳಿದರೆ ನಗು ಬರುತ್ತದೆ. ಟಿ.ವಿ.ಯ ಒಂದು ಧಾರಾವಾಹಿ.

ಭಯೋತ್ಪಾದಕರ ಬೆನ್ನು ಹತ್ತಿದ ಪತ್ತೇದಾರನ ಕತೆ. ಅವನೇ ಅವರಿಗೆ ಸುದ್ದಿ ಮುಟ್ಟಿಸುತ್ತಾನೆಂದು ಅವನ ಮೇಲೇ ಸಂಶಯ. ದಿನಾ ಸಂಜೆ ಏಳೂವರೆಗೆ ನಮ್ಮ ಮನೆಯಲ್ಲಿ ಊಟವೂ ಅದೂ ಕೂಡಿಯೇ. ಪ್ರತಿ ಕಂತಿನ ಕೊನೆಗೆ ಎದೆ ಬಡಿಯುವ ಹಾಗೆ ಸಂಗೀತ. ನನ್ನ ಹೆಂಡತಿ ಶಾಂತವ್ವ ಅದರೊಳಗೆ ಪೂರ್ತಿ ಇಳಿದುಬಿಟ್ಟಿದ್ದಳು. ಸುದ್ದಿ ಬಿಟ್ಟವನು ಯಾರು ಎಂದು ಪಕ್ಕದ ಮನೆಯವರ ಜೊತೆ ಪಂಥ ಬೇರೆ ಕಟ್ಟಿದ್ದಳು. ನಾನು ರೊಟ್ಟಿ ಮುರಿಯುತ್ತ ಸುಮ್ಮನೆ ಕೂರುತ್ತಿದ್ದೆ. ಒಂದು ದಿನ ಆ ಪತ್ತೇದಾರನ ಬೆಲ್ಟು, ಟೋಪಿ ತೆಗೆಸಿಕೊಂಡರು. ಇವಳು ಕಣ್ಣೊರೆಸಿಕೊಂಡು ಹೇಳಿದಳು:

"ಸುದ್ದಿ ಕೊಟ್ಟಾಂವ ಯಾಂವರ ಆಗವಲ್ಲನ್ಯಾಕ, ಇಷ್ಟೊತ್ತಿಗೆ ತನ್ನ ಮನ್ಯಾಗ ಹೊಟ್ಟಿತುಂಬ ಉಣ್ಣಾಕತ್ತಿರ್ತಾನ ನೋಡ್ರಿ."

ನನ್ನ ಕೈಯಲ್ಲಿ ರೊಟ್ಟಿಯ ತುತ್ತು ಇತ್ತು. ಅದು ಬಾಯಿಗೆ ಹೋಗಲಿಲ್ಲ. ತಟ್ಟೆಯಲ್ಲಿ ಇಟ್ಟು, ಹೇಳಿಬಿಟ್ಟೆ. ಮೊದಲಿನಿಂದ ಕೊನೆಯವರೆಗೆ ಒಂದೇ ಸವನೆ.

ಅವಳು ಎದ್ದು ಟಿ.ವಿ. ಬಂದ್ ಮಾಡಿದಳು. ಅವಳು ಬೈದಿದ್ದರೆ ಸಲೀಸಾಗುತ್ತಿತ್ತು. "ನಿಮ್ಮ ಅಕ್ಷರ ಛಲೋ ಅಂತ ಮಂದಿ ಮುಂದ ಹೇಳ್ಕೋತ ತಿರಗೇನಲ್ರಿ ನಾನು" ಅಂದಳು. ಆಮೇಲೆ, ಮಕ್ತುಮಸಾಬರು ಇನ್ನೂ ಗಟ್ಟಿಯಾಗಿದ್ದಾರಲ್ಲವೇ ಎಂದು ಕೇಳಿದಳು. ಹೌದು ಎಂದೆ. ಹಾಗಾದರೆ ನಾಳೆಯೇ ಹೋಗಿ ಎಂದಳು.

ಹೋಗುವ ಮುಂಚೆ ಸುಮಾಳಿಗೆ ಫೋನು ಮಾಡಿದೆ. ಈಗ ಕಾಲೇಜಿನಲ್ಲಿ ಕಲಿಸುತ್ತಾಳೆ, ಎರಡು ಮಕ್ಕಳ ತಾಯಿ. ಅವಳ ಹೆಸರೂ ಬರುತ್ತದಲ್ಲ ಎಂದು ನನಗೆ ಅಳುಕು — ಇಷ್ಟು ವರ್ಷ ಅದನ್ನೇ ಅಡ್ಡ ಇಟ್ಟುಕೊಂಡಿದ್ದೆ. ಅವಳಿಗೆ ಆ ದಿನ ನಡೆದದ್ದರ ಅರ್ಥ ಇಂದಿಗೂ ಗೊತ್ತಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, ಡ್ರಮ್ಮು ತುಂಬಿಸಿರಿ ಎಂದು ಹೇಳಿದವಳು ನಾನು, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ, ನೀವು ಆ ದಿನವೇ ನನ್ನನ್ನು ಒಂದು ಮಾತು ಕೇಳಿದ್ದರೆ ಆ ದಿನವೇ ಹೇಳುತ್ತಿದ್ದೆ ಎಂದಳು. ನಾನು ಕಾಪಾಡುತ್ತಿದ್ದೇನೆ ಎಂದುಕೊಂಡ ಹುಡುಗಿಗೆ ನನ್ನ ಕಾಪು ಬೇಕೇ ಇರಲಿಲ್ಲ.

ನಾಲ್ಕು ಗಂಟೆಗೆ ಬೈರಿದೇವರಕೊಪ್ಪಕ್ಕೆ ಹೋದೆ. ಮಕ್ತುಮಸಾಬರು ಒಬ್ಬರೇ ಕೂತು ಟಿ.ವಿ. ನೋಡುತ್ತಿದ್ದರು. ಯಾವುದು ಅಂತೀರಿ? ಅದೇ ಧಾರಾವಾಹಿ, ಹಿಂದಿನ ಸಂಜೆಯ ಕಂತು ಮತ್ತೊಮ್ಮೆ. ನನ್ನನ್ನು ಕಂಡು ಖುಷಿಪಟ್ಟರು. ಆ ಪತ್ತೇದಾರನನ್ನು ತೋರಿಸಿ, "ತಿಂಗಳಾತು ನೋಡಪಾ, ಈ ಮನಷ್ಯಾ ಒಂದ ಪಂಚನಾಮಾ ಬರದಿಲ್ಲ. ನಿನ್ನಂಥ ರೈಟರ್ ಒಬ್ಬಾಂವ ಇರಬೇಕಾಗಿತ್ತು" ಎಂದು ನಕ್ಕರು.

ಆ ನಗುವಿನ ಮುಂದೆ ಹೇಳಬೇಕಾಯಿತು.

"ಸಾಹೇಬ್ರ, ಆ ಡ್ರಮ್ಮಿನ ಹುಡುಗಿ ನನ್ನ ತಂಗಿ ಮಗಳ್ರಿ. ಫೋನ್ ಹಚ್ಚಿದಾಂವ ನಾನು."

ಅವರು ರಿಮೋಟಿನಿಂದ ಧ್ವನಿ ತೆಗೆದರು. ಮುಖದಲ್ಲಿ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ — ನಾನು ಕಾಲು ಹಿಡಿಯಲು ತಯಾರಾಗಿ ಹೋಗಿದ್ದೆ, ಹೊಡೆಸಿಕೊಳ್ಳಲು ಕೂಡ — ಅವರು ಪ್ರಶ್ನೆ ಕೇಳತೊಡಗಿದರು. ಎಷ್ಟು ಗಂಟೆಗೆ ಫೋನು ಮಾಡಿದೆ? ಯಾರ ಫೋನಿನಿಂದ? ಅವಳು ಎಷ್ಟು ಹೊತ್ತಿಗೆ ಹೊರಟಳು? ನೀರು ಎಷ್ಟು ಹೊತ್ತಿಗೆ ಬಂತು? ಅಜ್ಜಿ ಆ ಮಾತು ಹೇಳಿದ್ದು ಯಾವ ಮಾತಿನ ಮುಂದೆ? ಹನ್ನೊಂದು ವರ್ಷದ ಹಿಂದೆ ಕೇಳಲು ಬಿಡದೆ ಹೋದ ಪ್ರಶ್ನೆಗಳು, ಒಂದೊಂದಾಗಿ, ಧ್ವನಿ ಏರಿಸದೆ. ಇಲ್ಲದ ಸಾಲನ್ನು ಓದಿದ್ದನ್ನು ಹೇಳಿದಾಗ ಮಾತ್ರ ಕಣ್ಣು ಮುಚ್ಚಿಕೊಂಡರು.

ಎಲ್ಲ ಮುಗಿದ ಮೇಲೆ ಅವರ ಬಾಯಿಂದ ಬಂದದ್ದು ಒಂದೇ ಮಾತು.

"ಹಂಗಾರ ಫಕ್ರು ಅಲ್ಲ."

ಇನ್ನೊಮ್ಮೆ ಅದನ್ನೇ ಹೇಳಿದರು. ಕಣ್ಣಲ್ಲಿ ನೀರು ಬಂತು. ಫಕ್ರು ಯಾರು ಎಂದು ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದರು. ಫಕ್ರುದ್ದೀನ, ಸಾಲೆಯಿಂದ ಅವರ ಗೆಳೆಯ, ಸಪ್ತಾಪುರದ ಆ ಓಣಿಯ ತುದಿಯಲ್ಲಿ ಬೈಕ್ ರಿಪೇರಿಯ ಗ್ಯಾರೇಜು ಇಟ್ಟವನು. ಆ ಇಬ್ಬರು ಬೈಕು ತಂದಾಗ ಸಂಶಯ ಬಂದು ಮೊದಲು ಸುಳಿವು ಕೊಟ್ಟವನೇ ಅವನು. ಆ ಸಂಜೆ ಅವರು ಫೋನು ಮಾಡಿದ್ದೂ ಅವನಿಗೇ, ಹೆಸರು ಹೇಳದೆ ಉಳಿಸಿದ್ದೂ ಅವನನ್ನೇ. ಆದರೆ ಒಳಗೊಳಗೇ — ಅವನೇ ಹೆದರಿ ಅವರನ್ನು ಎಚ್ಚರಿಸಿರಬೇಕು, ಇನ್ಯಾರಿಗೆ ಗೊತ್ತಿತ್ತು, ಎಂದು ಅವರಿಗೆ ಖಾತ್ರಿಯಾಗಿತ್ತು. ಹೆಸರು ಹೇಳಲಿಲ್ಲ, ಆದರೆ ಅಂದಿನಿಂದ ಅವನ ಮುಖ ನೋಡಿರಲಿಲ್ಲ.

ಒಬ್ಬರಿಗೆ ಅನ್ಯಾಯ ಮಾಡಿದ್ದೇನೆ ಎಂದುಕೊಂಡು ಹೋಗಿದ್ದೆ. ಇಬ್ಬರಿಗೆ ಮಾಡಿದ್ದೆ.

"ಏಳು" ಅಂದರು. "ಅಂವನ ಮುಂದೂ ಹೇಳು."

ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಒಮ್ಮೆ ಮಾತ್ರ, ಬರೆದು ಕೊಡುತ್ತೀಯಾ ಎಂದು ಕೇಳಿದರು. ಕೊಡುತ್ತೇನೆ ಎಂದೆ.

ಗ್ಯಾರೇಜಿನ ಬಾಗಿಲಲ್ಲಿ ನಾನು ನಿಂತು, ಫಕ್ರುದ್ದೀನರ ಮುಂದೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಬಿಳಿ ಗಡ್ಡದ ಮನುಷ್ಯ, ಕೈ ಎಲ್ಲ ಎಣ್ಣೆ. ಇದನ್ನು ನನಗೆ ಯಾಕೆ ಹೇಳುತ್ತಿದ್ದಾನೆ ಎಂಬಂತೆ ನೋಡುತ್ತಿದ್ದರು. ಆಗ ಮಕ್ತುಮಸಾಬರು ಮುಂದೆ ಬಂದರು. ಅವರಿಬ್ಬರೂ ತಮ್ಮೊಳಗೆ ಉರ್ದುವಿನಲ್ಲಿ ಮಾತಾಡುವವರು. ಆ ದಿನ ಕನ್ನಡದಲ್ಲಿಯೇ ಹೇಳಿದರು, ನನಗೂ ಕೇಳಲಿ ಎಂದಿರಬೇಕು.

"ಫಕ್ರು, ನಾ ನಿನ್ನ ಮ್ಯಾಲ ಸಂಶಯ ಇಟ್ಕೊಂಡಿದ್ದೆ. ನೀನ ಅವರಿಗೆ ಹೇಳಿದಿ ಅಂತ."

ಫಕ್ರುದ್ದೀನರು ಅರಿವೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು.

"ನಾ ಏನ ತಿಳ್ಕೊಂಡಿದ್ದೆ ಗೊತ್ತೈತೇನ? ನನ್ನ ಹೆಸರು ಹೊರಗ ಬೀಳಬಾರದು ಅಂತ ನೀ ಈ ಕಡೆ ಬರವಲ್ಲಿ ಅಂತ. ಅದಕ್ಕ ನಾನೂ ನಿಮ್ಮ ಮನಿ ಕಡೆ ಬರಲಿಲ್ಲ. ದಿನಾ ನಮಾಜಿನ್ಯಾಗ ನಿನ್ನ ಸಲುವಾಗಿ ಕೇಳ್ಕೋತಿದ್ದೆ."

ಮಕ್ತುಮಸಾಬರು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು, ಮುಖ ಮುಚ್ಚಿಕೊಂಡು. ಫಕ್ರುದ್ದೀನರು ಹೋಗಿ ಅವರ ಹೆಗಲ ಮೇಲೆ ಕೈ ಇಟ್ಟರು. ಎಣ್ಣೆಯ ಕೈ ಬಿಳಿ ಅಂಗಿಯ ಮೇಲೆ ಮೂಡಿತು. ಅದನ್ನು ನೋಡಿ ಇಬ್ಬರೂ ನಗತೊಡಗಿದರು, ಅಳುತ್ತಲೇ. ನಾನು ಅಲ್ಲಿ ನಿಂತಿರಬೇಕೋ ಹೋಗಬೇಕೋ ತಿಳಿಯಲಿಲ್ಲ. ಮಕ್ತುಮಸಾಬರೇ ತಲೆ ಎತ್ತಿ, "ನೀ ಹೋಗು ಈರಪ್ಪ. ನಾವು ಸ್ವಲ್ಪ ಕೂಡ್ತೇವಿ" ಅಂದರು.

ಮರುದಿನ ನನ್ನ ಹೇಳಿಕೆಯನ್ನು ನಾನೇ ಬರೆದೆ, ಒಂದು ಸಾಲೂ ಬಿಡದೆ. ಸುಮಾ ತನ್ನದನ್ನು ಬರೆದುಕೊಟ್ಟಳು. ಮೇಲಿನ ಕಚೇರಿಗೆ ಒಯ್ದು ಮುಟ್ಟಿಸಿ ಬಂದೆ. ನಾಲ್ಕು ತಿಂಗಳು ವಿಚಾರಣೆ ನಡೆಯಿತು. ಮಕ್ತುಮಸಾಬರ ಮನೆಗೆ ಪತ್ರ ಬಂತು, ಆ ಪ್ರಕರಣದಲ್ಲಿ ಅವರ ತಪ್ಪು ಏನೂ ಇಲ್ಲವೆಂದು. ಅದರ ಪ್ರತಿ ಮಾಡಿಸಿ ಓಣಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ ಓದಿ ಹೇಳಿದವರು ಫಕ್ರುದ್ದೀನರಂತೆ. ನನ್ನ ಮೇಲಿನ ಕ್ರಮ ಇನ್ನೂ ತೀರ್ಮಾನವಾಗಬೇಕು. ಕರೆದ ದಿನ ಹೋಗುತ್ತೇನೆ, ಕೇಳಿದ್ದಕ್ಕೆ ಹೇಳುತ್ತೇನೆ.

ಹಗುರಾಗಿದ್ದೇನೆ. ಮುಚ್ಚಿಡುವುದಿಲ್ಲ, ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಿದೆ. ಶಾಂತವ್ವ ಮತ್ತೆ ಟಿ.ವಿ. ಹಚ್ಚುತ್ತಾಳೆ, ನಾನೂ ಪಕ್ಕದಲ್ಲಿ ಕೂರುತ್ತೇನೆ. ಆದರೆ ಕ್ಷಮಿಸಿ ಎಂದು ಮಕ್ತುಮಸಾಬರನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ಆ ದೊಡ್ಡ ಮನುಷ್ಯ ಕ್ಷಮಿಸಿಬಿಟ್ಟಾರು.

ಈಗ ಗೆಳೆಯರಿಬ್ಬರೂ ದಿನಾ ಸಂಜೆ ಗ್ಯಾರೇಜಿನಲ್ಲಿ ಕೂಡುತ್ತಾರೆ ಎಂದು ಕೇಳುತ್ತೇನೆ. ಇಬ್ಬರಿಗೂ ಅರವತ್ತಾರು ದಾಟಿದೆ. ಅವರು ಕೂಡದೆ ಕಳೆದ ಹನ್ನೊಂದು ವರ್ಷದ ಸಂಜೆಗಳು ಮಾತ್ರ ಯಾವ ಪತ್ರದಿಂದಲೂ ವಾಪಸು ಬರುವುದಿಲ್ಲ. ಅವನ್ನು ಕಸಿದುಕೊಂಡವನು ನಾನು.